ಐದು ತಿಂಗಳ ಕೂಸಿನ ಅಳತೆ

ಜುಲೈ ೧೧, ಮಧ್ಯಾಹ್ನ ಎರಡೂ ಹತ್ತು. ಖಾನಾಪುರದ ಈ ಮನೆಗೆ ಬಂದಿಳಿದು ಅರ್ಧ ಗಂಟೆಯೂ ಆಗಿರಲಿಲ್ಲ, ಅತ್ತೆ ನನ್ನನ್ನು ಮಂಚದ ಮೇಲೆ ಕೂರಿಸಿ ಸ್ವೆಟರ್ ತೊಡಿಸಿದರು. ಜುಲೈ ತಿಂಗಳಲ್ಲಿ. ಮಾನ್ವಿಯಲ್ಲಿ ಹುಟ್ಟಿ ಬೆಳೆದ ನಾನು ಸ್ವೆಟರಿನೊಳಗೆ ಕೈ ತೂರಿಸಿದ್ದು ಅದೇ ಮೊದಲು. ತಲೆ ಒಳಗೇ ಸಿಕ್ಕಿಕೊಂಡು, ಕತ್ತಲಾಗಿ, ಉಸಿರು ಕಟ್ಟಿದಂತಾಯಿತು.

“ಹಂಗ ಒದ್ದಾಡಬ್ಯಾಡವಾ,” ಎಂದರು ಅತ್ತೆ ಹೊರಗಿನಿಂದ. “ತಡದ್ರ ತಲಿ ತಾನಾಗಿ ಹೊರಗ ಬರತೈತಿ.”

ಮಾನ್ವಿ, ಸಿಂಧನೂರು ಕಡೆ ಇದನ್ನು ಓದುವವರಿಗೆ ನಗು ಬರಬಹುದು. ನಮ್ಮಲ್ಲಿ ಸ್ವೆಟರ್ ಎಂದರೆ ಡಿಸೆಂಬರಿನಲ್ಲಿ ಬಸ್‌ಸ್ಟ್ಯಾಂಡಿನ ಎದುರು ಗುಡ್ಡೆ ಹಾಕಿಕೊಂಡು ಕೂರುವವರ ಸರಕು. ಇಲ್ಲಿ ಅದು ಮನೆಯ ಸಾಮಾನು, ಕೊಡೆಯ ಹಾಗೆ. ಬಾಗಿಲ ಹಿಂದಿನ ಮೊಳೆಗಳಲ್ಲಿ ಏಳು ತೂಗುತ್ತವೆ. ಏಳೂ ಅತ್ತೆ ಹೆಣೆದವು.

ಮದುವೆಯಾದ ಮೇಲೆ ನಾವು ಇದ್ದದ್ದು ಬೆಳಗಾವಿಯ ಮಹಾಂತೇಶ ನಗರದಲ್ಲಿ, ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿ. ಗಂಡ ಬಸವರಾಜ ಫೌಂಡ್ರಿಯೊಂದರಲ್ಲಿ ಸೂಪರ್‌ವೈಸರ್. ನಾನು ಬಸುರಿಯಾಗಿ ಆರು ತಿಂಗಳಾದಾಗ ಸ್ಕ್ಯಾನ್ ನೋಡಿದ ಡಾಕ್ಟರಮ್ಮ, ಮಾಸು, ಅಂದರೆ ಪ್ಲಾಸೆಂಟಾ, ತೀರಾ ಕೆಳಗೆ ಕೂತಿದೆ, ಮೆಟ್ಟಿಲು ಹತ್ತಬೇಡ, ಭಾರ ಎತ್ತಬೇಡ, ಆದಷ್ಟು ಮಲಗಿಯೇ ಇರು ಎಂದರು. ಆಗಸ್ಟಿನಲ್ಲಿ ಮತ್ತೆ ನೋಡೋಣ, ಅದು ಮೇಲೆ ಸರಿದಿದ್ದರೆ ತವರಿಗೆ ಹೋಗಬಹುದು, ಇಲ್ಲದಿದ್ದರೆ ದೂರದ ಪ್ರಯಾಣ ಬೇಡ. ಹಾಗಾಗಿ ಅತ್ತೆಯ ಮನೆ, ಅದರ ಈ ನಡುಕೋಣೆ, ಈ ಮಂಚ.

ಮೊದಲ ಹೆರಿಗೆ ತವರಿನದು. ಈ ಮಾತಿನಲ್ಲಿ ಮಾನ್ವಿಗೂ ಖಾನಾಪುರಕ್ಕೂ ಭೇದವಿಲ್ಲ. ಕುಬಸ, ಅಂದರೆ ಸೀಮಂತ, ಮಾಡಿ ಕರೆದೊಯ್ಯುತ್ತಾರೆ, ಕೂಸಿಗೆ ಐದು ತಿಂಗಳು ತುಂಬಿದ ಮೇಲೆ ಕಳಿಸಿಕೊಡುತ್ತಾರೆ. ಅವ್ವ ಅಡುಗೆಮನೆ ಪಕ್ಕದ ಕೋಣೆಗೆ ಆಗಲೇ ಸುಣ್ಣ ಹೊಡೆಸಿದ್ದಳು. ಅವಳು ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ದಸರಾ ರಜೆ ಬರುವವರೆಗೆ ಊರು ಬಿಡಲಾರಳು. ನನ್ನ ದಿನ ತುಂಬುವುದು ಸೆಪ್ಟೆಂಬರ್ ಕೊನೆಗೆ.

ದಿನಚರಿ ಬರೆಯುವುದು, ಸಣ್ಣಪುಟ್ಟದ್ದಕ್ಕೂ ಲೆಕ್ಕ ಇಡುವುದು ನನ್ನ ಹಳೆಯ ಚಟ. ಜುಲೈ ಪುಟದಲ್ಲಿ ಹೀಗಿದೆ: ಸೂರ್ಯ ಕಂಡದ್ದು ನಾಲ್ಕು ಸಲ. ಒಗೆದ ಸೀರೆ ತಾನಾಗಿ ಒಣಗಿದ್ದು ಒಂದು ಸಲವೂ ಇಲ್ಲ. ಕಲಿತ ಮರಾಠಿ ಮಾತು ಇಪ್ಪತ್ತೊಂದು. ಮಾನ್ವಿಯಲ್ಲಿ ಅಂಗಳದ ಹಗ್ಗಕ್ಕೆ ಹಾಕಿದ ಬಟ್ಟೆ ನಾವು ಚಹಾ ಕುಡಿದು ಬರುವಷ್ಟರಲ್ಲಿ ಹಪ್ಪಳವಾಗುತ್ತದೆ. ಇಲ್ಲಿ ಇದ್ದಿಲಿನ ಶೇಗಡಿಯ ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಬಟ್ಟೆ ಹರಡಿ ಕಾಯುತ್ತಾರೆ. ಉಟ್ಟರೆ ಹೊಗೆಯ ವಾಸನೆ. ರೊಟ್ಟಿಯೂ ಬೇರೆ: ನಮ್ಮದು ಜೋಳದ್ದು, ಬಡಿದರೆ ಸಪ್ಪಳ ಓಣಿಗೆ ಕೇಳಬೇಕು, ಇವರದು ಅಕ್ಕಿಯ ಭಾಕ್ರಿ, ಸದ್ದಿಲ್ಲದೆ ತಟ್ಟೆಗೆ ಬರುತ್ತದೆ. ಗಂಡ ಅತ್ತೆಯನ್ನು ‘ಆಯಿ’ ಎನ್ನುತ್ತಾನೆ, ಮರಾಠಿಯಲ್ಲಿ ತಾಯಿ. ನಾನೂ ಹಾಗೇ ಕರೆಯುತ್ತೇನೆ. ‘ಅವ್ವ’ ಎಂಬುದು ಫೋನಿಗೆ ಮೀಸಲು.

ಈ ಮನೆಯಲ್ಲಿ ಇನ್ನೊಂದು ರೂಢಿ ಗಮನಿಸಿದೆ. ನನಗೆ ಹೇಳುವ ಮಾತು ಕನ್ನಡ, ನನ್ನ ಬಗ್ಗೆ ಆಡುವ ಮಾತು ಮರಾಠಿ. ಅದರಲ್ಲಿ ಕಪಟವಿಲ್ಲ, ತಾಯಿ ಮಗನ ನಡುವೆ ಮೊದಲಿನಿಂದ ಆ ಭಾಷೆ ಓಡಾಡಿದೆ. ಆದರೂ ಮಂಚದಲ್ಲಿ ಎಡಮಗ್ಗುಲಾಗಿ ಮಲಗಿ, ಗೋಡೆ ನೋಡುತ್ತ, ಬೆನ್ನ ಹಿಂದೆ ನನ್ನ ಹೆಸರು ಬೇರೆ ಭಾಷೆಯೊಳಗೆ ಮತ್ತೆ ಮತ್ತೆ ತೇಲಿ ಮುಳುಗುವುದನ್ನು ಕೇಳುವಾಗ, ಯಾರೋ ನನ್ನನ್ನು ಮಡಚಿ ಪೆಟ್ಟಿಗೆಯಲ್ಲಿ ಇಡುತ್ತಿದ್ದಾರೆ ಅನ್ನಿಸುತ್ತಿತ್ತು.

ಜುಲೈ ೧೯ಕ್ಕೆ ಆಯಿ ಎರಡು ಸೂಜಿ, ಒಂದು ಉಂಡೆ ಹಳದಿ ಉಲ್ಲನ್ ನನ್ನ ಕೈಗಿಟ್ಟರು. “ಕೈ ಖಾಲಿ ಇದ್ರ ತಲಿ ತಿರಗತೈತಿ. ನಲವತ್ತೆಂಟು ಟಾಕಾ ಹಾಕ, ಕೂಸಿಗೆ ಸ್ವೆಟರ್ ಆಗಲಿ.”

ಟಾಕಾ ಎಂದರೆ ಸೂಜಿಯ ಮೇಲೆ ಏರಿಸುವ ಕುಣಿಕೆ. ಎಷ್ಟು ಟಾಕಾ ಹಾಕಿದರೆ ಅಷ್ಟು ಅಗಲ. ಒಂದು ಸಾಲು ಮೇಲೆ, ಒಂದು ಸಾಲು ಕೆಳಗೆ. ಟಾಕಾ ಬಿದ್ದರೆ ಕೆಳಗಿನ ಸಾಲುಗಳೂ ಏಣಿಯಂತೆ ಬಿಚ್ಚುತ್ತ ಹೋಗುತ್ತವೆ. ಲೆಕ್ಕ ಇಡುವವಳಿಗೆ ಇದಕ್ಕಿಂತ ಹೊಂದುವ ಕೆಲಸ ಇಲ್ಲ. ಹತ್ತು ದಿನದಲ್ಲಿ ಬೆನ್ನಿನ ಭಾಗ ಮುಗಿಸಿದೆ. ಬಹಳ ದಿನಗಳ ಮೇಲೆ ಏನೋ ಗೆದ್ದಂತಾಯಿತು.

ಪಕ್ಕದ ಮನೆಯ ರಜಿಯಾ ಖಾಲಾ ಮಧ್ಯಾಹ್ನ ತಮ್ಮ ಹೆಣಿಗೆ ಹಿಡಿದು ಬರುತ್ತಾರೆ. ಆಯಿಯೂ ಅವರೂ ಸೇರಿ ಓಣಿಯವರಿಗೆ, ನೆಂಟರಿಗೆ ಹೆಣೆದು ಕೊಡುತ್ತಾರೆ. ನಾನು ಬೆನ್ನಿನ ಭಾಗ ಮುಗಿಸಿದ ದಿನ ಖಾಲಾ ಬೆಳಗಾವಿಯ ಕ್ಯಾಂಪಿನಲ್ಲಿರುವ ಮಗಳ ಮಗನಿಗೆ ಶುರುಮಾಡಿದ್ದರು. ಸುಮ್ಮನೆ ಕೇಳಿದೆ, “ಎಷ್ಟು ಟಾಕಾ ಹಾಕೀರಿ?”

“ಅರವತ್ತು. ಐದು ತಿಂಗಳಿನವ ಅದಾನ ನೋಡವಾ, ಎದಿ ಅಗಲ.”

“ನಲವತ್ತೆಂಟು ಹಾಕಿದ್ರ?”

“ಅದು ಆಗಷ್ಟ ಹುಟ್ಟಿದ ಕೂಸಿಗೆ.”

ಅರವತ್ತು ಐದು ತಿಂಗಳಿಗೆ. ನಲವತ್ತೆಂಟು ಹುಟ್ಟಿದ ದಿನಕ್ಕೆ. ಹೆರಿಗೆ ಮಾನ್ವಿಯಲ್ಲಾದರೆ ಕೂಸು ಹುಟ್ಟುವುದು ಫ್ಯಾನಿನ ಕೆಳಗೆ. ಅಲ್ಲಿ ಉಲ್ಲನ್ ತೊಡಿಸಿದರೆ ಮೈತುಂಬ ಬೆವರುಸಾಲೆ. ಕೂಸಿಗೆ ಸ್ವೆಟರ್ ಬೇಕಾಗುವುದು ಐದು ತಿಂಗಳಾಗಿ ಖಾನಾಪುರಕ್ಕೆ ಬಂದಾಗ. ಆಯಿ ನನಗೆ ಹುಟ್ಟಿದ ಕೂಸಿನ ಅಳತೆ ಕೊಟ್ಟಿದ್ದರು. ಅಂದರೆ ಡಾಕ್ಟರು ಹೇಳುವ ಮೊದಲೇ ಇವರು ತೀರ್ಮಾನಿಸಿದ್ದಾರೆ: ಹೆರಿಗೆ ಇಲ್ಲೇ. ಮರಾಠಿಯಲ್ಲಿ ನಡೆದ ಆ ಮಾತುಕತೆಯನ್ನೇ ನಾನು ಹತ್ತು ದಿನ ಸಾಲು ಸಾಲಾಗಿ ಹೆಣೆದಿದ್ದೆ, ನನ್ನ ಕೈಯಿಂದಲೇ.

ಮರುದಿನ ಆಯಿ ಸಂತೆಗೆ ಹೋದಾಗ ಬೆನ್ನಿನ ಭಾಗ ಪೂರ್ತಿ ಬಿಚ್ಚಿದೆ. ಅರವತ್ತು ಟಾಕಾ ಹಾಕಿ ಮತ್ತೆ ಶುರುಮಾಡಿದೆ. ಬಾಯಿಬಿಟ್ಟು ಜಗಳವಾಡುವ ಧೈರ್ಯವಿರಲಿಲ್ಲ.

ನನಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಬಿಚ್ಚಿದ ಉಲ್ಲನ್ ಹಿಂದಿನ ಕುಣಿಕೆಗಳನ್ನು ಮರೆಯುವುದಿಲ್ಲ. ಶಾವಿಗೆಯಂತೆ ಸೊಟ್ಟಸೊಟ್ಟ ನಿಲ್ಲುತ್ತದೆ. ನೆನೆಸಿ, ಎಳೆದು ಒಣಗಿಸದೆ ಹೆಣೆದರೆ ಬಲ್ಲವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಎರಡು ದಿನದ ಮೇಲೆ ಆಯಿ ನನ್ನ ಹೆಣಿಗೆ ಎತ್ತಿ ಬೆಳಕಿಗೆ ಹಿಡಿದರು. ಖಾಲಾ ಬಾಗಿಲ ಬಳಿ ಕೂತಿದ್ದರು.

“ಬಿಚ್ಚಿ ಹಾಕೀದಿ. ಇದು ಯಾರಿಗೆ?”

“ಕೂಸಿಗ್ರಿ.”

“ಹುಟ್ಟಿದ ಕೂಸು ಇದರಾಗ ಕಳದ ಹೋಗತೈತಿ.”

“ಹುಟ್ಟಿದಾಗ ಅಲ್ರಿ ಆಯಿ. ಮಾನ್ವಿಯಿಂದ ಕರಕೊಂಡ ಬಂದಾಗ ಹಾಕಾಕ.”

ಖಾಲಾ ಆಯಿಯ ಕಡೆ ತಿರುಗಿ ನಕ್ಕರು. “ಗೌರಕ್ಕ, ಸೊಸಿ ಲೆಕ್ಕದಾಗ ಭಾಳ ಪಕ್ಕಾ ಅದಾಳ.”

ಆಯಿ ನಗಲಿಲ್ಲ. “ನಾ ಹೋಗಬ್ಯಾಡ ಅಂದೀನ? ಮಾಸು ಮ್ಯಾಲ ಸರದ್ರ ನಾನ ಜೋಡಿ ಬಂದು ಬಿಟ್ಟ ಬರತೀನಿ. ಸರೀಲಿಲ್ಲಂದ್ರ? ಹುಟ್ಟಿದ ಕೂಸಿಗೆ ಏನ ಹೊಚ್ಚೂದು, ನಿಮ್ಮಪ್ಪನ ಧೋತರಾ?”

“ಸರೀತೈತ್ರಿ.”

“ಸರೀಲಿ ಅಂತ ನಾನೂ ದೀಪಾ ಹಚ್ಚಾಕ ಹತ್ತೀನಿ. ಖರೇ ಈ ಮನ್ಯಾಗಿನ ಥಂಡಿ ದೀಪಕ್ಕ ಹೆದರೂದಿಲ್ಲವಾ.”

ಹೆಣಿಗೆಯನ್ನು ನನ್ನ ಮಡಿಲಿಗೆ ವಾಪಸು ಇಟ್ಟು, ಒಳಗಿನಿಂದ ಹಸಿರು ಉಂಡೆ ತಂದರು. ನಲವತ್ತೆಂಟು ಟಾಕಾ ಹಾಕಿ ತಾವೇ ಕೂತರು. ಅಂದಿನಿಂದ ಒಂದೇ ಕೋಣೆಯಲ್ಲಿ ಎರಡು ಸ್ವೆಟರ್ ಬೆಳೆದವು, ಸಣ್ಣದು ಅವರದು, ದೊಡ್ಡದು ನನ್ನದು. ಊಟದ ಮಾತು ಬಿಟ್ಟು ಬೇರೆ ಮಾತಿಲ್ಲ. ಬಸವರಾಜ ಫೌಂಡ್ರಿ ಮುಗಿಸಿ ಸಂಜೆ ಬೆಳಗಾವಿಯ ರೈಲಿನಿಂದ ಇಳಿದು ಬಂದು ಇಬ್ಬರ ಮುಖ ನೋಡಿ, “ಯಾವುದು ಮೊದಲ ಮುಗೀತೈತಿ?” ಎಂದ. ನಾನು ಗಡಬಡಿಸಿ ಹೆಣೆಯುತ್ತಿದ್ದೆ. ಸ್ಕ್ಯಾನಿಗೆ ಮುಂಚೆ ದೊಡ್ಡ ಸ್ವೆಟರ್ ಮುಗಿದರೆ ನಾನು ಊರಿಗೆ ಹೋಗುತ್ತೇನೆ ಎಂದು ನನ್ನೊಳಗೇ ಒಂದು ಪಂಥ ಕಟ್ಟಿಕೊಂಡಿದ್ದೆ. ಸ್ಕ್ಯಾನಿನ ಹಿಂದಿನ ದಿನ ಸಂಜೆ ಕೊನೆಯ ಗುಂಡಿ ಹೊಲಿದು ಮುಗಿಸಿದೆ.

ಆಗಸ್ಟ್ ೨೦ಕ್ಕೆ ಸ್ಕ್ಯಾನ್ ಆಯಿತು. ಮಾಸು ಇದ್ದಲ್ಲೇ ಇತ್ತು. ಡಾಕ್ಟರಮ್ಮ ಮೆತ್ತಗೆ ಹೇಳಿದರು. ಆಪರೇಷನ್ ಆಗಬೇಕು, ಬೆಳಗಾವಿಯಲ್ಲೇ, ಅಲ್ಲಿಯವರೆಗೆ ದೊಡ್ಡಾಸ್ಪತ್ರೆಗೆ ಹತ್ತಿರ ಇರಬೇಕು. ಫೋನಿನಲ್ಲಿ ಅವ್ವ, “ಸುಣ್ಣ ಎಲ್ಲಿಗೂ ಹೋಗಂಗಿಲ್ಲ ಬಿಡವಾ, ಕೂಸಿಗೆ ಐದು ತಿಂಗಳಾದ ಮ್ಯಾಲ ಕರಕೊಂಡ ಬಾ,” ಎಂದಳು.

ಕಾರಿನಲ್ಲಿ ಮರಳಿದೆವು. ಗಾಜಿನ ಮೇಲೆ ಮಳೆ. ಆಯಿ ತಮ್ಮ ಸೆರಗಿನೊಳಗೆ ನನ್ನ ಕೈ ಹಿಡಿದುಕೊಂಡಿದ್ದರು. ‘ನಾ ಹೇಳಿದ್ದಿಲ್ಲ?’ ಎಂಬ ಮಾತು ಅವರ ಬಾಯಿಂದ ಬರುತ್ತದೆಂದು ಕಾಯುತ್ತಿದ್ದೆ. ಬರಲಿಲ್ಲ. ಬಂದಿದ್ದರೆ ಸಿಟ್ಟಾಗಿ ಹಗುರಾಗುತ್ತಿದ್ದೆನೇನೋ.

ಮನೆಗೆ ಬಂದು ದೊಡ್ಡ ಸ್ವೆಟರನ್ನು ಮಂಚದ ಮೇಲೆ ಹರವಿ ನೋಡಿದೆ. ಅದು ಹಿಡಿಸುವ ಹೊತ್ತಿಗೆ ಕೂಸು ಇಲ್ಲಿರುವುದಿಲ್ಲ. ಐದು ತಿಂಗಳು ತುಂಬುವುದು ಮಾರ್ಚ್ ಹತ್ತಿರ, ಆಗ ನಾನು ಅದನ್ನೆತ್ತಿಕೊಂಡು ಮಾನ್ವಿಗೆ ಹೋಗುತ್ತೇನೆ. ಮಾನ್ವಿಯ ಮಾರ್ಚಿನಲ್ಲಿ ಉಲ್ಲನ್ ಯಾರಿಗೆ ಬೇಕು? ಎರಡೂ ಊರಿಗೆ ಸಲ್ಲದ ಒಂದು ಅಳತೆಯನ್ನು ಅಷ್ಟು ಹಟದಿಂದ ಹೆಣೆದಿದ್ದೆ. ಖಾಲಾ ಬಂದಾಗ ಅವರ ಮೊಮ್ಮಗನಿಗೆ ಕೊಟ್ಟೆ. “ನನ್ನದು ಇನ್ನಾ ತೋಳಿಗೇ ನಿಂತೈತಿ,” ಎಂದು ಖುಷಿಯಿಂದ ಒಯ್ದರು. ದಿನಚರಿಯಲ್ಲಿ ಬರೆದೆ: ಹೆಣೆದದ್ದು ಒಂದು, ಬೇರೆಯವರ ಕೂಸಿಗೆ.

ಆಮೇಲೆ ಆಯಿಯ ಬುಟ್ಟಿಯಿಂದ ಹಸಿರು ಸ್ವೆಟರ್ ಎತ್ತಿಕೊಂಡೆ. ಒಂದು ತೋಳು ಬಾಕಿ ಇತ್ತು. “ಎಷ್ಟು ಟಾಕಾರಿ, ಆಯಿ?” ಎಂದು ಕೇಳಿದೆ. “ಇಪ್ಪತ್ತೆಂಟು,” ಎಂದವರು ಶೇಗಡಿಯನ್ನು ನನ್ನ ಕಾಲ ಹತ್ತಿರ ಸರಿಸಿದರು.

ಈಗ ಆ ತೋಳು ಅರ್ಧಕ್ಕೆ ಬಂದಿದೆ. ಬಾಗಿಲು ದಾಟುವ ಅಪ್ಪಣೆ ನನಗಿನ್ನೂ ಇಲ್ಲ, ಮಳೆ ಇನ್ನೂ ನಿಂತಿಲ್ಲ. ಹಸಿರು ಉಂಡೆ ಕೈಯಲ್ಲಿರುವಾಗಲೂ ಯೋಚನೆ ಮಾರ್ಚಿನದು. ಆ ಬಿಸಿಲಿಗೆ ಕೂಸಿನ ತಲೆಯ ಮೇಲೆ ತೆಳ್ಳನೆಯ ಹತ್ತಿ ನೂಲಿನ ಕುಂಚಿಗೆ ಒಂದು ಬೇಕು. ಹತ್ತಿ ನೂಲು ಉಲ್ಲನ್‌ನಂತೆ ಹಿಗ್ಗುವುದಿಲ್ಲವಂತೆ, ಅದರ ಲೆಕ್ಕವೇ ಬೇರೆಯಂತೆ. ಆಯಿಗೆ ಅದು ಗೊತ್ತಿಲ್ಲ, ಖಾಲಾ ಕೈ ಹಾಕಿ ನೋಡಿಲ್ಲ. ಅವ್ವ ಸೂಜಿ ಹಿಡಿದವಳೇ ಅಲ್ಲ. ನಮ್ಮ ರಾಯಚೂರು ಸೀಮೆಯಲ್ಲಿ ಹತ್ತಿ ನೂಲಿನಲ್ಲಿ ಹೆಣೆಯುವವರು ಯಾರಾದರೂ ಇದ್ದರೆ, ಐದು ತಿಂಗಳ ಕೂಸಿಗೆ ಎಷ್ಟು ಟಾಕಾ ಹಾಕಬೇಕೆಂದು ದಯವಿಟ್ಟು ಬರೆದು ತಿಳಿಸಿ.