ಉಪ್ಪಿಟ್ಟಿನ ಯಂತ್ರ

ಶಿವಮೊಗ್ಗದಿಂದ ಬೆಳಗಿನ ರೈಲು ಹಿಡಿದು ಭದ್ರಾವತಿಗೆ ಹೋಗಿ, ಜನ್ನಾಪುರದ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದ ಮಾತು. ಅರವತ್ತರ ದಶಕ. ಶಾಲೆಗೆ ಗೋಧಿ ರವೆಯ ಮೂಟೆಗಳು ಬರತೊಡಗಿದ್ದವು. ಮಧ್ಯಾಹ್ನ ಮಕ್ಕಳಿಗೆ ಉಪ್ಪಿಟ್ಟು ಮಾಡಿ ಬಡಿಸಬೇಕಿತ್ತು. ಹೆಡ್‌ಮಾಸ್ತರು ಅಡುಗೆಗೆ ಒಬ್ಬ ವಿಧವೆಯನ್ನು ಗೊತ್ತುಮಾಡಿದರು. ತಮಿಳು ಸೀಮೆಯಿಂದ ಕೆಲಸ ಹುಡುಕಿಕೊಂಡು ಬಂದ ಕುಟುಂಬ. ಆಗ ಎಲ್ಲರೂ ಅನ್ನುತ್ತಿದ್ದಂತೆ ಹರಿಜನರಾಕೆ. ಅಲ್ಲಿಯತನಕ ಇಟ್ಟಿಗೆ ಗೂಡಿನಲ್ಲಿ ಹೊರೆ ಹೊರುತ್ತಿದ್ದಳು. ಈ ಕೆಲಸ ಹೋದರೆ ಮತ್ತೆ ಅಲ್ಲಿಗೇ ಹೋಗಬೇಕು.

ಮೊದಲ ದಿನವೇ ಅರ್ಧ ಮಕ್ಕಳು ತಟ್ಟೆ ಎತ್ತಿಕೊಂಡು ಮನೆಗೆ ನಡೆದರು. ಮರುದಿನ ತಾಯಂದಿರು ಬಂದರು, ಅದರಲ್ಲೂ ನಮ್ಮ ಜಾತಿಯವರೇ ಮುಂದೆ. "ನಮ್ದೇನಿಲ್ಲ ಟೀಚರಮ್ಮ, ಆಕೆ ಕೈ ಅಡುಗೆ ಅಂದ್ರೆ ಮನೇಲಿ ಹಿರಿಯರು ಒಪ್ಪಲ್ಲ" ಎಂದರು. ಹಿರಿಯರ ಮೇಲೆ ಹಾಕಿಬಿಟ್ಟರೆ ಎಲ್ಲರಿಗೂ ಸಲೀಸು.

ಹೆಡ್‌ಮಾಸ್ತರು ಹಟವಾದಿ. ಮಕ್ಕಳ ತಂದೆಯರಲ್ಲಿ ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಇಬ್ಬರನ್ನು ಹಿಡಿದು ಒಂದು ಯಂತ್ರ ಮಾಡಿಸಿದರು. ದೊಡ್ಡ ಡ್ರಮ್ಮು, ಒಳಗೆ ತಿರುಗುವ ರೆಕ್ಕೆ, ಹೊರಗೊಂದು ಹಿಡಿಕೆ. ಕುದಿಯುವ ನೀರಿಗೆ ರವೆ ಸುರಿಯುವುದು ನಾನು, ಬಡಿಸುವುದು ದೊಡ್ಡ ಹುಡುಗಿಯರು, ಹಿಡಿಕೆ ತಿರುಗಿಸುವುದಷ್ಟೇ ಆಕೆ. ತಾಯಂದಿರು ಬಂದು ಅದಕ್ಕೆ ಸುತ್ತು ಹಾಕಿ ನೋಡಿದರು. ಕೊನೆಗೆ ಅವರಲ್ಲಿ ವಯಸ್ಸಾದಾಕೆ ತೀರ್ಪು ಕೊಟ್ಟರು:

"ಹಿಟ್ಟಿನ ಗಿರಣಿಯೋನ ಜಾತಿ ಯಾರಾದ್ರೂ ಕೇಳ್ತೀವಾ? ಇದೂ ಹಂಗೇ ಬಿಡ್ರಿ ಮಾರಾಯ್ರೆ, ಮಿಷನ್ ಮಾಡಿದ್ದು."

ಮಕ್ಕಳು ಉಪ್ಪಿಟ್ಟು ತಿನ್ನತೊಡಗಿದರು. ನಾನು ಮಾತ್ರ ಮನೆಯಿಂದ ತಂದ ಡಬ್ಬಿ ಬಿಚ್ಚುತ್ತಿದ್ದೆ. ಜಾತಿಭೇದ ಕೆಟ್ಟದ್ದು ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದವಳೂ ನಾನೇ. ಎರಡನ್ನೂ ಜೊತೆಗಿಟ್ಟು ನೋಡುವ ಬುದ್ಧಿ ಆಗ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಒಂದು ಸೋಮವಾರ ಯಂತ್ರದ ಹಿಡಿಕೆ ಮುರಿಯಿತು. ರವೆ ಆಗಲೇ ನೀರಿಗೆ ಬಿದ್ದಿತ್ತು. ಆಕೆ ಸೌಟು ತೆಗೆದುಕೊಂಡು ತಿರುವಿದಳು. ಒಂದೂ ಗಂಟು ಕಟ್ಟಲಿಲ್ಲ. ಬಾಗಿಲಲ್ಲಿ ಮಕ್ಕಳು ತಟ್ಟೆ ಹಿಡಿದು ನೋಡುತ್ತ ನಿಂತಿದ್ದರು. ಆಕೆ ಒಂದು ತಟ್ಟೆಗೆ ಉಪ್ಪಿಟ್ಟು ಹಾಕಿ ನನ್ನ ಮುಂದೆ ಹಿಡಿದಳು.

"ಟೀಚರಮ್ಮ, ಒಂದು ತುತ್ತು ತಿನ್ನಿ. ನೀವು ತಿಂದ್ರೆ ಅವ್ರೂ ತಿಂತಾರೆ."

ಅದು ನಿಜವೆಂದು ನನಗೆ ಗೊತ್ತಿತ್ತು.

"ಇವತ್ತು ಸೋಮವಾರ ಅಲ್ವಾ? ನಂದು ಉಪವಾಸ" ಎಂದೆ.

ನಾನು ಸೋಮವಾರ ಹಿಡಿದವಳೇ ಅಲ್ಲ. ಚೀಲದಲ್ಲಿ ಚಪಾತಿಯ ಡಬ್ಬಿ ಇತ್ತು. ಬಾಗಿಲಲ್ಲಿದ್ದ ಹುಡುಗಿಯೊಬ್ಬಳು "ನಂದೂ ಸೋಮವಾರ ಟೀಚರ್" ಎಂದಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಮೂರು ಜನ. ಬೆಳಿಗ್ಗೆ ರೊಟ್ಟಿ ತಿಂದು ಬಂದ ಮಕ್ಕಳು. ಅಡುಗೆಯಾಕೆ ತಟ್ಟೆಯನ್ನು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಇಂದಿಗೂ ನೆನೆದರೆ ನಾಚಿಕೆಯಾಗುತ್ತದೆ.

ತಾಯಂದಿರು ಮತ್ತೆ ಬಂದರು. ಈ ಸಲ ಹೆಡ್‌ಮಾಸ್ತರ ಹಟ ನಡೆಯಲಿಲ್ಲ. ವಾರದೊಳಗೆ ಆಕೆ ಇಟ್ಟಿಗೆ ಗೂಡಿಗೆ ಮರಳಿದಳು. ಹೊಸದಾಗಿ ಬಂದವಳು ನಮ್ಮ ಪೈಕಿಯವಳೇ. ರಿಪೇರಿಯಾಗಿ ಬಂದ ಯಂತ್ರವನ್ನು ಅವಳು ಮೂಲೆಗೆ ಸರಿಸಿ, ದೊಡ್ಡ ಪಾತ್ರೆಯಿಟ್ಟು ಸೌಟಿನಲ್ಲೇ ತಿರುವಿ ಬಡಿಸಿದಳು. ಮಕ್ಕಳೆಲ್ಲ ತಿಂದರು. ನಾನೂ ತಿಂದೆ.