ದೆವ್ವದ ಕಾಕಾನ ದನಿ

ಕಾಕಾನ ಬಿಳಿ ಮೀಸೆಯ ತುದಿ ವರ್ಷದಲ್ಲಿ ಆರು ತಿಂಗಳು ಕೆಂಪಗಿರುತ್ತಿತ್ತು. ಬಣ್ಣವಲ್ಲ, ಮೆಣಸಿನಕಾಯಿ ಧೂಳು. ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದ ಅವರು ದೆವ್ವದ ಕಥೆ ಬರೆಯುತ್ತಿದ್ದರು. ಎರಡು ಪುಟ, ಹೆಚ್ಚೆಂದರೆ ಮೂರು. ಓಣಿಯಲ್ಲಿ ಅವರ ಹೆಸರು ಯಾರಿಗೂ ಬೇಕಿರಲಿಲ್ಲ. ‘ದೆವ್ವದ ಕಾಕಾ’ ಎಂದು ಬರೆದರೆ ಅಂಚೆಯೂ ತಲುಪುತ್ತಿತ್ತು.

ನಾನು ಪಕ್ಕದ ಮನೆಯವನು. ಮದುವೆಗಳಲ್ಲಿ, ಕಾಲೇಜಿನ ಗ್ಯಾದರಿಂಗುಗಳಲ್ಲಿ ಮಿಮಿಕ್ರಿ ಮಾಡುವವನು. ಕೋಳಿಯಿಂದ ಹಿಡಿದು ಹಾವೇರಿ ಸ್ಟೇಶನ್ನಿನ ಮೈಕಿನವರೆಗೆ ಯಾವ ದನಿಯನ್ನೂ ಬಿಟ್ಟಿಲ್ಲ. ಮುಖ ನೋಡಿದವರು ಕೋಳಿಯದ್ದೇ ಹೆಚ್ಚು ಒಪ್ಪುತ್ತದೆ ಅನ್ನುತ್ತಾರೆ.

ಕಾಕಾನ ದನಿ ಮಾತ್ರ ನನಗೆ ಹುಚ್ಚು ಹಿಡಿಸಿತ್ತು. ಅರೆನಿದ್ದೆಯಲ್ಲಿ ಯಾರೋ ಹಾಸಿಗೆಯ ಪಕ್ಕ ಬಂದು ಕೂತು ಮಾತಾಡಿದಂಥ ದನಿ. ಒಮ್ಮೆ ಅವರ ಎದುರಿಗೇ ಅದನ್ನು ತೆಗೆದೆ. ಮೀಸೆ ಒರೆಸಿಕೊಂಡು ಕೇಳಿದರು: “ಲೇ, ನನ್ನ ದನಿ ಇಷ್ಟು ಕೆಟ್ಟ ಐತೇನು? ಸುಮ್ಮನ ದೆವ್ವದ ಕಥಿ ಬರದೆ. ಮಾತಾಡಿದ್ರ ಸಾಕಾಗಿತ್ತು!”

ಅವರ ಕಥೆಗೆ ಒಂದು ಪರೀಕ್ಷೆಯಿತ್ತು. ಮಧ್ಯಾಹ್ನ ಅಂಗಡಿಯ ಅಂಗಳದಲ್ಲಿ ಹೆಂಗಸರು ಮೆಣಸಿನಕಾಯಿ ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುವಾಗ ಕಾಕಾ ಕಥೆ ಓದುತ್ತಿದ್ದರು. ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕೈಗಳನ್ನಷ್ಟೇ. ಎಲ್ಲಿ ಕೈ ನಿಂತಿತೋ ಆ ಸಾಲು ಉಳಿಯಿತು. ಕೈ ಓಡುತ್ತಲೇ ಇದ್ದರೆ ಪೆನ್ನು ತೆಗೆದು ಹೊಡೆದುಹಾಕುತ್ತಿದ್ದರು. “ಬಾಯಿ ಸುಳ್ಳು ಹೇಳತೈತಿ, ಕೈ ಹೇಳಂಗಿಲ್ಲ,” ಅನ್ನುವರು. ಒಮ್ಮೊಮ್ಮೆ ನನ್ನಿಂದ ಓದಿಸುವಾಗ ನಾನು ಗಡಿಬಿಡಿ ಮಾಡಿದರೆ, “ದೆವ್ವಕ್ಕ ಅವಸರ ಇರಂಗಿಲ್ಲ, ನಿನಗ್ಯಾಕೋ?”

ಎರಡು ವರ್ಷದ ಹಿಂದೆ ಗಂಟಲಿನ ಆಪರೇಶನ್ ಆಗಿ ಆ ದನಿ ಪೂರ್ತಿ ಹೋಯಿತು. ಆಮೇಲೆ ಎಲ್ಲವೂ ಚೀಟಿಯಲ್ಲೇ. ಈ ವರ್ಷ, ಅವರ ಕಥೆಗಳನ್ನು ಅಚ್ಚು ಹಾಕುತ್ತಿದ್ದ ಮಾಸಪತ್ರಿಕೆಯವರು ಅವರ ಗೌರವಕ್ಕೊಂದು ಸಂಚಿಕೆ ಮಾಡುತ್ತೇವೆ, ಅವರ ಪಕ್ಕದಲ್ಲೇ ಇದ್ದವನು, ನೀನೂ ಒಂದು ದೆವ್ವದ ಕಥೆ ಕೊಡು ಎಂದರು. ಉಬ್ಬಿಹೋದೆ. ಅವರದೇ ಪಾಳುಬಾವಿ, ಅವರದೇ ಮುದುಕಿ, ಅವರದೇ ವಾಕ್ಯದ ತಿರುವು ಎಲ್ಲ ತುಂಬಿ ಬರೆದು, ಆ ಅಂಗಳದಲ್ಲಿ ಕಾಕಾನ ದನಿಯಲ್ಲೇ ಓದಿದೆ.

ಹೆಂಗಸರು ಬಿದ್ದು ಬಿದ್ದು ನಕ್ಕರು. ಕೈಗಳು ಮಾತ್ರ ಚಟಚಟ ತೊಟ್ಟು ಮುರಿಯುತ್ತಲೇ ಇದ್ದವು. “ದನಿ ಬರೋಬರಿ ಐತಿ ತಮ್ಮಾ,” ಅಂದಳು ಒಬ್ಬಳು, “ಆದ್ರ ಅಂಜಿಕಿ ತರೂದು ಮರತ ಬಂದೀಯಲ್ಲ!”

ಅಲ್ಲೇ ಕೂತಿದ್ದ ಕಾಕಾ ಚೀಟಿ ಬರೆದು ಕೊಟ್ಟರು: ‘ದನಿ ನಂದು. ಅಂಜಿಕಿ ಯಾರದು?’

ಒಂದು ವಾರ ಯಾರನ್ನೂ ಅಣಕಿಸಲಿಲ್ಲ. ಮನೆಯವರು ಜ್ವರ ಬಂದಿದೆ ಎಂದುಕೊಂಡರು. ನನಗೆ ಯಾತರ ಅಂಜಿಕೆ ಎಂದು ಹುಡುಕಿದೆ, ಸಿಕ್ಕಿತು. ಹೊಸ ಕಥೆ ಒಂದೇ ಪುಟವಾಯಿತು. ಮಿಮಿಕ್ರಿ ಮಾಡುವವನೊಬ್ಬ ಊರನ್ನೆಲ್ಲ ನಗಿಸಿ ಮನೆಗೆ ಬಂದು ಬಾಗಿಲು ಬಡಿಯುತ್ತಾನೆ. ‘ಯಾರು?’ ಎಂದು ಒಳಗಿನಿಂದ ಅವನದೇ ದನಿ ಕೇಳುತ್ತದೆ. ಉತ್ತರ ಕೊಡಲು ಇವನ ಗಂಟಲಲ್ಲಿ ಪರರ ದನಿಗಳಷ್ಟೇ ಉಳಿದಿವೆ.

ಅದನ್ನು ನನ್ನ ಸಪ್ಪೆ ದನಿಯಲ್ಲೇ ಓದಿದೆ. ಒಂದು ಕೈ ನಿಂತಿತು. ಇನ್ನೊಂದು. ಕೆಂಪು ರಾಶಿಯ ಸುತ್ತ ಎಲ್ಲ ಕೈಗಳೂ ನೀರೊಳಗಿನ ಕೈಗಳಂತೆ ತೇಲಿ ನಿಂತವು. ಅಷ್ಟು ಘಾಟಿನಲ್ಲೂ ಒಬ್ಬರೂ ಕೆಮ್ಮಲಿಲ್ಲ. ಕಾಕಾ ಪೆನ್ನು ತೆಗೆಯಲೇ ಇಲ್ಲ. ಅವರ ದನಿಯನ್ನು ಇನ್ನು ಮುಟ್ಟುವುದಿಲ್ಲ ಎಂದು ಅಂದೇ ನನಗೆ ನಾನೇ ಮಾತು ಕೊಟ್ಟುಕೊಂಡೆ.

ಸಂಚಿಕೆ ಬರುವ ಮೊದಲೇ ಕಾಕಾ ಹೋದರು. ಹತ್ತು ದಿನ ಕಳೆದ ಮೇಲೆ, ಒಂದು ಸಂಜೆ ಅಚ್ಚಾಗಿ ಬಂದ ಸಂಚಿಕೆ ಹಿಡಿದು ಅವರ ಮನೆಗೆ ಹೋದೆ. ಕಾಕಾನ ಹೆಂಡತಿ, ಕಾಕು, ಪತ್ರಿಕೆಯನ್ನು ಬಿಚ್ಚಲಿಲ್ಲ, ಹಣೆಗೊತ್ತಿಕೊಂಡು ಗೂಡಿನಲ್ಲಿಟ್ಟರು. ಚಹಾಕ್ಕೆ ನೀರಿಟ್ಟು, ನನಗೆ ಬೆನ್ನು ಮಾಡಿ ನಿಂತೇ ಹೇಳಿದರು:

“ಲೇ, ನೀ ಅವರಂಗ ಮಾತಾಡತಿದ್ದೆಲ್ಲ. ಎರಡು ವರ್ಷ ಆತು ನೋಡು, ಆ ದನಿ ಕಿವಿ ಮ್ಯಾಲೆ ಬಿದ್ದು. ಮುಖ ನೆಪ್ಪ ಐತಿ, ದನಿ ಮರತ ಹೊಂಟೈತಿ. ಒಂದ ಸಲ ಆ ದನಿಲೆ ನನ್ನ ಕರಿಯೋ.”

“ಬ್ಯಾಡ್ರಿ ಕಾಕು. ಬಿಟ್ಟೇನಿ ಅದನ್ನ.”

“ನಿನ್ನ ಕಡೆ ಬಿಟ್ರ ಆ ದನಿ ಇನ್ನೆಲ್ಲೂ ಉಳದಿಲ್ಲೋ.”

ಕಿಟಕಿಯ ಬೆಳಕು ಬೂದಿಯಾಗುತ್ತಿತ್ತು. ಕೊನೆಗೆ ಕಾಕಾನಂತೆಯೇ, ಅವಸರವಿಲ್ಲದೆ ಕೇಳಿದೆ: “ಏನ... ಚಾ ಆತೇನ?”

ಕಾಕು ತಿರುಗಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

“ಆತ್ರಿ, ತರತೇನ್ರಿ.”

ಬಸಿಯಲ್ಲಿ ಚಹಾ ಸುರುವಿ ತಂದು, ತಲೆಯೆತ್ತದೆ ನನ್ನ ಮುಂದಿಟ್ಟರು. “ಸಕ್ಕರಿ ಕಡಿಮಿ ಹಾಕೇನ್ರಿ. ಸಿಟ್ಟಾಗಬ್ಯಾಡ್ರಿ.”

ಯಾವ ದನಿಯನ್ನೂ ತೆಗೆಯದೆ ಕುಡಿದೆ.