ಜ್ಯೂರಿಯ ಸಿನಿಮಾ ಮತ್ತು ಅತ್ತೆಯ ಪಕ್ಕದ ಸೀಟು

ಮದುವೆಯಾಗಿ ಮಿರಜಕ್ಕೆ ಬಂದಾಗಿನಿಂದ ಟಾಕೀಜಿನಲ್ಲಿ ಅತ್ತೆಯ ಪಕ್ಕದ ಸೀಟು ನನ್ನದೇ. ಅವರಿಗೆ ಹಿಂದಿ ಅಷ್ಟಕ್ಕಷ್ಟೇ. ತೆರೆಯ ಮೇಲೆ ನಡೆಯುವುದನ್ನು ನಾನು ಅವರ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋಗಬೇಕು. “ನೀ ಹೇಳಿದ್ರನ ನನಗ ಸಿನಿಮಾ ನೋಡಿದಂಗ ಆಗತೈತಿ” ಎನ್ನುತ್ತಿದ್ದರು.

ಕಳೆದ ವರ್ಷ ಮೈದುನನ ಮದುವೆಯಾಯಿತು. ಹುಡುಗಿ ಸಾಂಗಲಿ ಕೋರ್ಟಿನಲ್ಲಿ ವಕೀಲೆ. ಅಲ್ಲಿನ ವಿಶ್ರಾಮಬಾಗದಲ್ಲಿ ಬೆಳೆದವಳು, ಬಾಯಲ್ಲಿ ಬರೀ ಮರಾಠಿ, ಕನ್ನಡ ತೊದಲುತ್ತಾಳೆ. ಒಂದು ಭಾನುವಾರ ನಾವೆಲ್ಲ ಹಿಂದಿಗೆ ಡಬ್ ಆದ ಕೋರ್ಟಿನ ಸಿನಿಮಾಕ್ಕೆ ಹೋದೆವು. ಕೊಲೆಯ ಖಟ್ಲೆ. ತೀರ್ಪು ಕೊಡುವವರು ಹನ್ನೆರಡು ಜನ ಸಾಮಾನ್ಯರು, ಅದೇ ಜ್ಯೂರಿ. ಆರೋಪಿಯ ಕಡೆಯ ಹೆಂಗಸೊಬ್ಬಳು ಗುಟ್ಟಾಗಿ ಅವರಲ್ಲಿ ಸೇರಿಕೊಂಡು ಒಬ್ಬೊಬ್ಬರ ಮನಸ್ಸನ್ನೇ ತಿರುಗಿಸುತ್ತಾಳೆ.

“ಜಡ್ಜ ಯಾಕ ತೀರ್ಪ ಕೊಡವಲ್ಲ?” ಅತ್ತೆ ಕೇಳಿದರು.

“ಅಲ್ಲೆ ಹಂಗ ಇರತೈತ್ರಿ” ಎಂದೆ. ನನಗೂ ಗೊತ್ತಿರಲಿಲ್ಲ.

ನನ್ನ ಆಚೆ ಸೀಟಿನಿಂದ ಮೈದುನನ ಹೆಂಡತಿ ಬಾಗಿದಳು. “ಆಯಿ, ಮೊದಲ ನಮ್ಮಲ್ಲೂ ಜ್ಯೂರಿ ಇತ್ತರಿ. ಈಗ ಬಂದ್ ಆಗೇತಿ.”

ಇಂಟರ್ವಲ್ ಮುಗಿದು ಒಳಗೆ ಬಂದಾಗ ಅತ್ತೆ ನನ್ನತ್ತ ತಿರುಗಿ, “ನೀ ಸ್ವಲ್ಪ ಆ ಕಡೆ ಕುಂದರವಾ. ಈಕಿಗೆ ಕಾಯದಾ ಗೊತ್ತೈತಿ” ಎಂದರು.

ಆ ಕಡೆ ಕುಳಿತೆ. ಕತ್ತಲಲ್ಲಿ ಎರಡು ತಲೆಗಳು ಒಂದಕ್ಕೊಂದು ತಾಗಿಕೊಂಡಿದ್ದವು.

“ಆ ಹೆಂಗಸು ಸುಳ್ಳ ಹೇಳತಾನರಿ ಆಯಿ.”

“ಹೇಳತಾಳವಾ, ಹೇಳತಾಳ!” ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ಇಷ್ಟು ವರ್ಷ ತಪ್ಪಿಲ್ಲದ ಕನ್ನಡದಲ್ಲಿ ನಾನು ಹೇಳಿದ ಒಂದು ಕಥೆಗೂ ಅವರು ಹಾಗೆ ನಕ್ಕಿರಲಿಲ್ಲ. ಅವರಿಬ್ಬರನ್ನೇ ನೋಡುತ್ತಾ ಕುಳಿತವಳಿಗೆ ಸಿನಿಮಾ ಮುಗಿದದ್ದು ದೀಪ ಹತ್ತಿದಾಗಲೇ ತಿಳಿದದ್ದು.

ಮನೆಗೆ ಬಂದ ಮೇಲೆ, ಇಂಟರ್ವಲ್ ಆದ ಮೇಲೆ ನಿದ್ದೆ ಹೋಗಿದ್ದ ಮಾವನವರು, “ಕಡೀಕ ಏನಾತು?” ಎಂದು ಕೇಳಿದರು. ಅತ್ತೆ ಶುರುಮಾಡಿದರು. ರೊಟ್ಟಿ ಬಡಿಯುತ್ತಿದ್ದ ನಾನು ಕೈ ನಿಲ್ಲಿಸಿ ಕಿವಿಗೊಟ್ಟೆ.

“ಕೋರ್ಟಿನ್ಯಾಗ ಯಾರೂ ಹೇಳದ, ಆರೋಪಿ ಕಡೆಯವರಿಗಷ್ಟ ಗೊತ್ತಿದ್ದ ಮಾತ ಆ ಹೆಣಮಗಳ ಬಾಯಾಗ ಬಂತರಿ. ಜ್ಯೂರಿಯೊಳಗಿನ ಒಬ್ಬ ಮುದುಕ ಹಿಡದಬಿಟ್ಟ. ಜಡ್ಜ ಅವರನ್ನೆಲ್ಲಾ ಮನೀಗೆ ಕಳಿಸಿ, ಹೊಸಾ ಮಂದೀನ ಕುಂದರ್ಸಿ, ಖಟ್ಲೆ ಮೊದಲಿಂದ ಚಾಲೂ ಮಾಡಿದ.”

ಎಷ್ಟು ಚೆನ್ನಾಗಿ ಹೇಳಿದರು! ಅವರಿಗೆ ಅಷ್ಟು ಚೆನ್ನಾಗಿ ತಿಳಿಯುವಂತೆ ನಾನು ಯಾವತ್ತೂ ಹೇಳಿರಲಿಲ್ಲವೇ ಎಂದು ಇನ್ನಷ್ಟು ಸಂಕಟವಾಯಿತು.

ಅವಳು ಅಡುಗೆಮನೆಗೆ ಬಂದಳು. “ಅಕ್ಕಾ, ನಿಮಗ ಸಿನಿಮಾ ಹೆಂಗ ಅನಸ್ತು?”

“ಛಲೋ ಇತ್ತು.”

ಉಳ್ಳಾಗಡ್ಡಿ ಹೆಚ್ಚಲು ಪಕ್ಕದಲ್ಲೇ ಕುಳಿತಳು. ನಾನು ಬೇಡ ಎನ್ನಲಿಲ್ಲ. ಅವಳತ್ತ ನೋಡದೆ ಮುಂದಿನ ರೊಟ್ಟಿ ಬಡಿಯತೊಡಗಿದೆ.